ಪದ್ಮರಾಜಯ್ಯನ ಚೆಂಡೂ ತಾಯಮ್ಮನ ಒದ್ದೆ ಬಟ್ಟೇನೂ

ನಮ್ಮ ಎದುರುಮನೆ ಪದ್ಮರಾಜಯ್ಯಂಗೆ ಒಂದು ಹುಚ್ಚು ಕಣ್ರೀ. ದೊಡ್ಡ ದೊಡ್ಡ ಆಟಗಾರರು ಸಹಿ ಹಾಕಿರೋ ಹಳೇ ಕ್ರಿಕೆಟ್ ಚೆಂಡು ಕೊಂಡ್ಕೊಂಡು ಬರ್ತಾನೆ. ಗಾಜಿನ ಬೀರುವಲ್ಲಿ ಹನ್ನೊಂದಿವೆ. ಅವನ ಮನೆ ದೇವರಿಗೂ ಅಂಥ ಮಂಟಪ ಇಲ್ಲ.

ಮೊನ್ನೆ ಕೆಲಸದ ತಾಯಮ್ಮ ಒಂದು ಚೆಂಡನ್ನ ಒದ್ದೆ ಬಟ್ಟೇಲಿ ಒರೆಸಿಬಿಟ್ಲು. ಸಹಿ ಮಾಯ!

"ಐವತ್ತು ವರ್ಷದ ಸಹಿ ಕಣೇ! ನಾಳೆಯಿಂದ ಬರಬೇಡ!" ಅಂತ ಕೂಗಾಡ್ದ. ನಾನು ಒಲೆ ಆರಿಸಿ ಓಡಿದೆ. ಪಾಪ, ಅವಳಿಗೆ ಕೆಲಸಕ್ಕಿದ್ದದ್ದು ಅದೊಂದೇ ಮನೆ.

ತಾಯಮ್ಮ ಬಟ್ಟೆ ಹಿಂಡಿದ್ಲು. "ಸಾರ್, ಐವತ್ತು ವರ್ಷ ಕೂತಿದ್ದ ಶಾಯಿ ಒಂದೇ ಸಲಕ್ಕೆ ಹೋಯ್ತದಾ? ನಮ್ಮ ಮೊಮ್ಮಗಳು ಗೋಡೆ ಮೇಲೆ ಗೀಚಿದ್ದೇ ಇನ್ನೂ ಹೋಗಿಲ್ಲ. ಮಿಕ್ಕ ಹತ್ತನ್ನೂ ಒರೆಸಿ ನೋಡ್ಲಾ? ನಿಜವಾದ ಸಹಿಯಾದ್ರೆ ಉಳೀತದೆ."

ಪದ್ಮರಾಜಯ್ಯ ಬೀರುಗೆ ಅಡ್ಡ ನಿಂತ. ಬಟ್ಟೆ ನೋಡ್ದ, ಚೆಂಡು ನೋಡ್ದ, ನನ್ನ ನೋಡ್ದ. ಹೂಂ ಅಂದ್ರೆ ಹತ್ತೂ ಅಳಿಸಿಹೋದ್ರೆ? ಬೇಡ ಅಂದ್ರೆ ಅವನಿಗೇ ಅನುಮಾನ ಅಂತ ಬೀದಿಗೆಲ್ಲ ಗೊತ್ತಾಗ್ತದೆ. ಸುದ್ದಿ ಹರಡೋಕೆ ಹೆಂಗೂ ನಾನಿದ್ನಲ್ಲ!

"ನೀನು... ಹೋಗಿ ಪಾತ್ರೆ ತೊಳಿ," ಅಂದ.

"ನಾಳೆ ಸಾರ್?"

"ನಾಳೇನೂ ಬಾ."

ಈಗ ಆ ಬೀರು ಧೂಳು ಅವನೇ ಹೊಡೀತಾನೆ ಕಣ್ರೀ. ಒಣ ಬಟ್ಟೇಲಿ, ಉಸಿರು ಬಿಗಿಹಿಡ್ಕೊಂಡು!