ದುರುಗವ್ವ ಒಲ್ಲೆ ಅಂದಳು

ನದಿಯ ದಡದಲ್ಲಿ ಒಂದು ಆಶ್ರಮವಿತ್ತು. ಅಲ್ಲಿನ ಗುರುಗಳು ವೈದ್ಯರು.

ಅವರ ಶಿಷ್ಯ ಮಹಾಲಿಂಗ ಬುಟ್ಟಿ ಹೆಣೆಯುವವರ ಕೇರಿಯಲ್ಲಿ ಕೆಲವು ತಿಂಗಳು ಇದ್ದು ಬಂದ. ಮಕ್ಕಳಿಗೆ ಮೂರ್ಛೆ ಬಂದರೆ ಅವರು ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿ ತಿಳಿಯುವುದು, ತಿಳಿದದ್ದನ್ನು ಊರೂರಿನ ವೈದ್ಯರಿಗೆ ಹೇಳುವುದು ಅವನ ಉದ್ದೇಶ.

ಹಾಗೆ ಹೇಳಲು ಗುರುಗಳ ಅಪ್ಪಣೆ ಬೇಕಿತ್ತು. ಏಕೆಂದರೆ ಅದು ಬೇರೆಯವರ ಮನೆಯ ಮಾತು.

"ಅವರನ್ನು ಕೇಳಿದೆಯಾ?" ಎಂದರು ಗುರುಗಳು.

"ಮನೆಮನೆಗೂ ಹೋಗಿ ಕೇಳಿದೆ, ಗುರುಗಳೇ. ಎಲ್ಲರೂ ಹೂಂ ಅಂದರು."

"ಒಬ್ಬರೂ ಒಲ್ಲೆ ಅನ್ನಲಿಲ್ಲವೇ?"

"ಒಬ್ಬರೂ ಇಲ್ಲ," ಎಂದ ಮಹಾಲಿಂಗ ಹೆಮ್ಮೆಯಿಂದ.

"ಹಾಗಾದರೆ ಅಪ್ಪಣೆ ಇಲ್ಲ."

ಮಹಾಲಿಂಗನಿಗೆ ಸಿಟ್ಟು ಬಂತು. "ಆಶ್ರಮದ ಹಿರಿಯರೆಲ್ಲ ಸರಿ ಅಂದಿದ್ದಾರೆ. ನೀವೊಬ್ಬರೇ ತಡೆಯುತ್ತಿದ್ದೀರಿ."

"ಅದು ಹಿರಿಯರ ಮನೆಯ ಮಾತೇನು? ಇರಲಿ, ಕೇಳಲು ಹೋದಾಗ ನಿನ್ನ ಕೈಯಲ್ಲಿ ಏನಿತ್ತು?"

"ಔಷಧದ ಚೀಲ. ಮಾತಾಡಿದ ಮೇಲೆ ಕೊಡುತ್ತಿದ್ದೆ."

"ಈ ಸಲ ಮೊದಲು ಔಷಧ ಕೊಡು. ಮಾತಾಡದಿದ್ದರೂ ಅದು ನಿಲ್ಲುವುದಿಲ್ಲ ಎಂದು ಹೇಳು. ಆಮೇಲೆ ಕೇಳು."

ಮಹಾಲಿಂಗ ಮತ್ತೆ ಕೇರಿಗೆ ಹೋದ. ದುರುಗವ್ವ ಬಿದಿರು ಸೀಳುತ್ತ ಕೂತಿದ್ದಳು. ಅವಳ ಮಗಳಿಗೆ ಮೂರ್ಛೆರೋಗವಿತ್ತು. ಔಷಧವನ್ನು ಒಳಗಿಟ್ಟು ಬಂದು ಅವಳು ಅವನ ಮಾತನ್ನು ಪೂರ್ತಿ ಕೇಳಿದಳು.

"ಮಾತಾಡಲಿಲ್ಲಂದ್ರೂ ಔಷಧ ಕೊಡ್ತೀ?"

"ಕೊಡ್ತೀನಿ, ಅವ್ವಾ."

"ಹಂಗಾದ್ರ ಒಲ್ಲೆ."

"ಅವತ್ತು ಹೂಂ ಅಂದಿದ್ದೆಯಲ್ಲ, ಅವ್ವಾ?"

"ಅವತ್ತು ಚೀಲ ನಿನ್ನ ಕೈಯಾಗಿತ್ತು."

"ಮಗಳ ಹೆಸರು ಹೇಳೋದಿಲ್ಲ."

"ಈ ಕೇರಿ ಅಂದ್ರ ಸಾಕು, ಜನ ಹುಡುಕ್ತಾರ. ಆಮ್ಯಾಲೆ ಆಕಿನ್ನ ಯಾರು ಮದುವಿ ಆಗ್ತಾರ? ನೀ ಆಗ್ತೀಯೇನು, ಸ್ವಾಮಿ?"

ಅವಳು ಬಿದಿರಿನ ಕಡೆ ತಿರುಗಿದಳು. ಅಂದರೆ, ಇನ್ನು ನೀನು ಹೊರಡಬಹುದು ಎಂದು.

ಆಶ್ರಮಕ್ಕೆ ಬಂದವನೇ ಅವನು ಗುರುಗಳ ಮುಂದೆ ಕುಸಿದು ಕೂತ.

"ದುರುಗವ್ವ ಒಲ್ಲೆ ಅಂದಳು. ನಾನು ಹೆಚ್ಚು ಕಲಿತದ್ದು ಅವಳಿಂದಲೇ. ಅದನ್ನೆಲ್ಲ ಬಿಡಬೇಕು."

"ಬಿಡು."

"ಪಕ್ಕದ ಮನೆಯ ಯಂಕಪ್ಪ ಹೂಂ ಅಂದ. ಆದರೆ ಅವನು ಮೊದಲೂ ಹೂಂ ಅಂದಿದ್ದ. ಇಷ್ಟು ಓಡಾಡಿ ಹೊಸದೇನು ಸಿಕ್ಕಿತು, ಗುರುಗಳೇ?"

"ದುರುಗವ್ವ ಒಲ್ಲೆ ಅಂದಳಲ್ಲ. ಇನ್ನು ಯಂಕಪ್ಪನ ಹೂಂ ನಂಬಬಹುದು."