ಅಕ್ಕನ ಚೂರು ಬೆಳಕು

ನಕ್ಷತ್ರಗಳ ನಡುವಿನ ಕಪ್ಪು ಮೋಡವೊಂದರಲ್ಲಿ ನೀರಿನ ಅಣುಗಳಾದ ಅಕ್ಕ ತಂಗಿ ಇದ್ದರು. ಪಕ್ಕದಲ್ಲೊಂದು ನಕ್ಷತ್ರ ಸಿಡಿದ ರಭಸಕ್ಕೆ ತಂಗಿ ದೂರದ ಮೋಡಕ್ಕೆ ಎಸೆಯಲ್ಪಟ್ಟಳು. ಹೋಗುವಾಗ, "ಅಕ್ಕಾ, ನಿನ್ನಲ್ಲಿರುವ ಬೆಳಕನ್ನು ನನ್ನ ಕಡೆ ಕಳಿಸು. ನೀನಿದ್ದೀಯ ಅಂತ ತಿಳಿದರೆ ಸಾಕು" ಎಂದು ಕೂಗಿದಳು.

ಅಕ್ಕ ತನ್ನ ಚೂರು ಬೆಳಕನ್ನು ಚೆಲ್ಲದೆ ಕಾಪಾಡಿಕೊಂಡು ಬಂದಳು. ಒಮ್ಮೆ ಮೋಡದ ಮುದುಕಿ ಅಣು ಹೇಳಿದಳು: "ಮಗಳೇ, ನೀನೊಬ್ಬಳೇ ಬೆಳಗಿದರೆ ಅಷ್ಟು ದೂರಕ್ಕೆ ಕಾಣುವುದಿಲ್ಲ. ನಾವೆಲ್ಲ ಒಂದೇ ಲಯಕ್ಕೆ ಬಂದು ಒಟ್ಟಿಗೇ ಬೆಳಕು ಬಿಡೋಣ. ಆಗ ಇಡೀ ಮೋಡ ಮಿಂಚುತ್ತದೆ. ಆದರೆ ಅದರಲ್ಲಿ ಯಾವ ಬೆಳಕು ಯಾರದೆಂದು ಬಿಟ್ಟವಳಿಗೂ ತಿಳಿಯುವುದಿಲ್ಲ."

"ಒಡಹುಟ್ಟಿದವಳಿಗೆ ಗುರುತು ಸಿಗದೆ ಇರುತ್ತದೆಯೇ ಅಜ್ಜಿ?" ಎಂದು ಅಕ್ಕ ಒಪ್ಪಿದಳು.

ಅಣುಗಳೆಲ್ಲ ಒಂದಾದವು. ಮೋಡ ಒಮ್ಮೆಗೇ ಝಗ್ಗೆಂದು ಬೆಳಗಿ ಮೊದಲಿಗಿಂತ ಕಪ್ಪಾಯಿತು. ಅಕ್ಕನ ಬಳಿ ಕಳಿಸಲು ಇನ್ನೇನೂ ಉಳಿಯಲಿಲ್ಲ.

ಬಹುಕಾಲದ ಮೇಲೆ ಆ ಬೆಳಕು ದೂರದ ಮೋಡವನ್ನು ಮುಟ್ಟಿತು. ಅಲ್ಲಿದ್ದವರೆಲ್ಲ ಬೆರಗಾದರು. ತಂಗಿ ಮಾತ್ರ ಅದಕ್ಕೆ ಬೆನ್ನು ಮಾಡಿ ಕೂತಳು.

"ಇಂಥ ಬೆಳಕು ಮತ್ತೆ ಬರುವುದಿಲ್ಲ ಕಣೇ, ನೋಡಬಾರದೇ?" ಎಂದಳು ಪಕ್ಕದವಳು.

"ನಮ್ಮಕ್ಕನದು ಇಷ್ಟೇ ಇಷ್ಟು ಬೆಳಕು. ಈ ಅಬ್ಬರದಲ್ಲಿ ಅದು ನನಗೆ ಕಾಣುವುದಿಲ್ಲ" ಎಂದಳು ತಂಗಿ. "ಇದು ಆರಿಹೋಗಲಿ. ಕತ್ತಲಾದ ಮೇಲೆ ಹುಡುಕುತ್ತೇನೆ."