ಬಿಡಿಹೂವಮ್ಮ

ಜಾಲಿಗುಡ್ಡದ ನೆತ್ತಿಯಲ್ಲಿ, ಬಾಗಿಯೇ ಒಳಹೋಗಬೇಕಾದ ಪುಟ್ಟ ಕಲ್ಲುಗುಡಿಯೊಂದಿದೆ. ಒಳಗಿರುವ ದೇವಿಯನ್ನು ಸುತ್ತಲಿನವರು ಬಿಡಿಹೂವಮ್ಮ ಎನ್ನುತ್ತಾರೆ. ಮಾಲೆಗೆ ಗತಿಯಿಲ್ಲದ ದೇವಿಯೇ ಎಂದು ಹೊಸಬರು ನಗುವುದುಂಟು. ನಗಲಿ, ಮಾಲೆಯಿಂದ ಪಟ್ಟ ಪಾಡು ಅವರಿಗೇನು ಗೊತ್ತು.

ಹಿಂದೆ ಒಮ್ಮೆ ಗುಡ್ಡದ ಬುಡದ ತೋಟದಲ್ಲಿ ಗಿರಿಯವ್ವನೆಂಬ ಹೂವಾಡಗಿತ್ತಿ ಇದ್ದಳಂತೆ. ಪೂರಾ ಅರಳಿದ ಹೂವನ್ನು ಅವಳು ಮುಟ್ಟುತ್ತಿರಲಿಲ್ಲ, ಉದುರೀತೆಂದು. ಬಿರಿಯಲಿರುವ ಸೇವಂತಿಗೆ, ಗಟ್ಟಿ ತೊಟ್ಟಿನ ಕಣಗಿಲೆ, ನಡುನಡುವೆ ಮರುಗದ ಎಳೆಗುಡಿ, ಇಷ್ಟನ್ನೇ ಆರಿಸಿ ನೆನೆಸಿದ ಬಾಳೆನಾರಿನಲ್ಲಿ ಬಿಗಿಯುವಳು. ತನ್ನ ಮಾಲೆಯಿಂದ ಎಸಳೂ ಬೀಳದೆಂಬ ಜಂಬ ಬೇರೆ. ಗುಡ್ಡದ ಅಮ್ಮ ಹೂ ಕೊಡದೆ ಆ ಸೀಮೆಯಲ್ಲಿ ಮದುವೆ ನಿಶ್ಚಯವಾಗುತ್ತಿರಲಿಲ್ಲ. ಹೂ ಕೇಳುವ ಮನೆಯವರೇ ಮಾಲೆ ಕಟ್ಟಿ ತಂದು ದೇವಿಗೆ ಮುಡಿಸಬೇಕು. ಬಲಗಡೆಯಿಂದ ಹೂ ಬಿದ್ದರೆ ಸಮ್ಮತಿ, ಎಡಗಡೆಯಿಂದ ಬಿದ್ದರೆ ಬೇಡ. ಗಿರಿಯವ್ವನ ಮಗಳು ಹೊನ್ನಿಗೆ ಸೋದರತ್ತೆ ಕಾಳವ್ವನ ಮಗನ ಮೇಲೆ ಮನಸ್ಸು. ಎರಡೂ ಮನೆಯವರು ಗುಡ್ಡ ಹತ್ತಿ, ಹೂ ಕೇಳಿ ಕುಳಿತರು. ಹೊತ್ತು ನೆತ್ತಿಗೇರಿದರೂ ಬಲಗಡೆಯೂ ಬೀಳಲಿಲ್ಲ, ಎಡಗಡೆಯೂ ಬೀಳಲಿಲ್ಲ.

ಗಿರಿಯವ್ವನಿಗೆ ಮೈ ಉರಿಯಿತು. ಕಂಡವರ ಅಡ್ಡಾದಿಡ್ಡಿ ಮಾಲೆಗೆ ಹೂ ಕೊಡುವವಳಿಗೆ ತನ್ನ ಮಾಲೆಯಲ್ಲಿ ಯಾವ ಕೊರತೆ ಕಂಡಿತು? ಮುಂದಿನ ಹುಣ್ಣಿಮೆಗೆ ಇನ್ನೂ ಎಳೆಯ ಮೊಗ್ಗು ಆರಿಸಿದಳು, ಇನ್ನೂ ಬಿಗಿದಳು. ಅಮ್ಮ ಮಿಸುಕಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಪಾಪದ ಪೂಜಾರಿಯ ಮೇಲೆ ಗೊಣಗಿದರು. ಮೂರನೆಯ ಸಲವೂ ಅದೇ ಕತೆಯಾದಾಗ ಕಾಳವ್ವ ಸೆರಗು ಕೊಡವಿ ಎದ್ದಳು. "ಅತ್ತಿಗೆ, ಒಲ್ಲೆ ಅಂದಿದ್ರೂ ಸರಿಯಿತ್ತು. ಮಾತೇ ಆಡದ ದೇವ್ರ ಮುಂದೆ ಇನ್ನೆಷ್ಟು ಸಲ ಕೂರೋದು?" ಅವರನ್ನು ಬಂಡಿ ಹತ್ತಿಸಲು ಪೂಜಾರಿಯೂ ಇಳಿದುಹೋದ.

ಗಿರಿಯವ್ವ ಸಿಟ್ಟಿನಿಂದ ಒಳನುಗ್ಗಿ, ಹರಿದೆಸೆಯಲೆಂದು ಮಾಲೆಗೆ ಕೈ ಹಾಕಿ ಎಳೆದಳು. ನಾರು ಬೆರಳನ್ನು ಕೊಯ್ದಿತೇ ಹೊರತು ಒಂದು ಹೂವೂ ಕಳಚಲಿಲ್ಲ. ಆಗ ಅವಳಿಗೆ ತಿಳಿಯಿತು. "ನಿನ್ನ ಕೈ ಕಟ್ಟಿದವಳು ನಾನೇ ಕಣೇ ತಾಯಿ" ಎನ್ನುತ್ತ ಹೊರಗಿನ ಗಿಡದಿಂದ ಪೂರಾ ಅರಳಿದ ಕಣಗಿಲೆಯೊಂದನ್ನು ಕಿತ್ತು ತಂದು, ಹಾಗೆಯೇ ಮುಡಿಯ ಮೇಲಿಟ್ಟಳು. ಕೈ ತೆಗೆಯುವಷ್ಟರಲ್ಲಿ ಅದು ಬಲಗಡೆಗೆ ಬಿತ್ತು. ಹೊನ್ನಿ ಅದನ್ನು ಹಿಡಿದು ಗುಡ್ಡವಿಳಿದು ಬಂಡಿಯ ಹಿಂದೆ ಓಡಿದಳು. ಅತ್ತೆ ಹೂವನ್ನು ತಿರುಗಿಸಿ ನೋಡಿ, "ಬಿದ್ದ ಹೂವೋ ಕಿತ್ತ ಹೂವೋ, ಕಂಡವರ್ಯಾರು ಮಗಾ?" ಎಂದಳು. ಬಂಡಿ ನಿಲ್ಲಲಿಲ್ಲ.

ಇಂದಿಗೂ ಆ ಗುಡಿಯಲ್ಲಿ ಮಾಲೆ ಎಷ್ಟೇ ಚೆಂದವಿರಲಿ, ಮುಡಿಯ ಮೇಲೆ ಕಟ್ಟದ ಹೂವೊಂದನ್ನು ಇಡುತ್ತಾರೆ. ಇಡುವ ಮೊದಲು ಪೂಜಾರಿ ಹೊರಗೆ ಇಣುಕಿ, ಗಂಡಿನ ಕಡೆಯವರೆಲ್ಲ ಒಳಗೆ ಬಂದು ಕುಳಿತರೇ ಎಂದು ಕೇಳುತ್ತಾನೆ.